ಎಲ್ಲಿ ನಿಂತ್ಕೊಂಡು ತೆಗೆದ್ರಿ?

ಎಲ್ರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸ್ತಿದ್ಯಾ? ಫ್ಯಾನ್ ಸದ್ದು ಜಾಸ್ತಿ ಇದೆ, ಆದ್ರೆ ಆಫ್ ಮಾಡಿದ್ರೆ ಯಾರೂ ಕೂರಲ್ಲ, ಇರ್ಲಿ ಬಿಡಿ.

ಇವತ್ತು ಆಗಸ್ಟ್ 19, ಮಾತಾಡೋದು ಹಳೇ ಕಟ್ಟಡ, ಹೊಸ ಕಟ್ಟಡ ಒಂದೇ ಫೋಟೋದಲ್ಲಿ ತೆಗೆಯೋ ಬಗ್ಗೆ. 1839ರಲ್ಲಿ ಇದೇ ದಿನ ಪ್ಯಾರಿಸ್‌ನಲ್ಲಿ ದಾಗೇರ್‌ನ ಫೋಟೋ ವಿಧಾನವನ್ನ ಜಗತ್ತಿನ ಮುಂದೆ ಬಿಚ್ಚಿಟ್ರು, ಅದು ನಿಮಗೆಲ್ಲ ಗೊತ್ತು. ಅದಕ್ಕೆ ಒಂದು ವರ್ಷ ಮುಂಚೆ ಅವನು ಕಿಟಕಿಯಿಂದ ಒಂದು ಬೀದಿ ತೆಗೆದಿದ್ದ. ಹಾಡುಹಗಲು, ಜನ, ಕುದುರೆಗಾಡಿ ಎಲ್ಲಾ ಓಡಾಡೋ ರಸ್ತೆ, ಆದ್ರೆ ಎಕ್ಸ್‌ಪೋಷರ್, ಅಂದ್ರೆ ಕ್ಯಾಮೆರಾಗೆ ಬೆಳಕು ಬಿಡೋದು, ನಿಮಿಷಗಟ್ಟಲೆ ಹಿಡೀತಿದ್ದ ಕಾಲ, ಹಾಗಾಗಿ ನಡೀತಿದ್ದವರು ಒಬ್ರೂ ಬಂದಿಲ್ಲ, ಬೂಟ್ ಪಾಲಿಶ್ ಮಾಡಿಸ್ಕೋತಾ ನಿಂತಿದ್ದ ಒಬ್ಬನ ಆಕಾರ ಮಾತ್ರ ಚೆನ್ನಾಗಿ ಕಾಣುತ್ತೆ. ಕಟ್ಟಡಗಳು ಮಾತ್ರ ಕಿಟಕಿ ಎಣಿಸೋ ಹಾಗೆ ಬಂದಿವೆ. ನಮ್ಮ ಬೆಂಗಳೂರಲ್ಲಿ ಈಗ ಉಲ್ಟಾ ನೋಡಿ. ಅದೇ ಹೂವಿನವರು, ಅದೇ ಮೂಲೆ, ಅದೇ ಬುಟ್ಟಿ, ಅವರ ಬೆನ್ನ ಹಿಂದಿದ್ದ ಮನೆ ಮಾಯ.

ಅದಕ್ಕೇ ಈ ವಿಷ್ಯ ತಗೊಂಡೆ. ಹಳೇದು-ಹೊಸದು ಕಾಂಟ್ರಾಸ್ಟ್ ಅಂತ ನಾವೆಲ್ಲ ತೆಗೀತೀವಲ್ಲ, ಮುಂದೆ ಹೆಂಚಿನ ಮನೆ, ಹಿಂದೆ ಗ್ಲಾಸ್ ಟವರ್, ಅಂಥದ್ದು ನನ್ನ ಹಾರ್ಡ್‌ಡಿಸ್ಕ್‌ನಲ್ಲೂ ನೂರಾರಿವೆ. ಈಗ ಯಾರೇ ತೋರ್ಸಿದ್ರೂ ನಾನು ಮೊದ್ಲು ಕೇಳೋದು ಒಂದೇ ಪ್ರಶ್ನೆ, ಎಲ್ಲಿ ನಿಂತ್ಕೊಂಡು ತೆಗೆದ್ರಿ?

ಲಾಲ್‌ಬಾಗ್ ಬಂಡೆ ತಗೊಳ್ಳಿ. ಸುಮಾರು 300 ಕೋಟಿ ವರ್ಷದ ಕಲ್ಲು, ಮೇಲೆ ಕೆಂಪೇಗೌಡರ ಗೋಪುರ. ದೂರ ನಿಂತು, ದೂರದ್ದನ್ನ ಹತ್ರ ತೋರ್ಸೋ 200 ಎಂಎಂ ಲೆನ್ಸ್ ಹಾಕಿದ್ರೆ ಹಿಂದಿನ ಅಪಾರ್ಟ್‌ಮೆಂಟ್‌ಗಳು ಗೋಪುರದ ತಲೆ ಮೇಲೇ ಕೂತಂಗೆ ಬರುತ್ತೆ, ಅಯ್ಯೋ ಪಾಪ ಅನ್ಸುತ್ತೆ. ಹತ್ರ ಹೋಗಿ, ಅಗಲವಾಗಿ ಹಿಡಿಯೋ 24 ಎಂಎಂ ಲೆನ್ಸಲ್ಲಿ ತೆಗೀರಿ, ಗೋಪುರ ದೊಡ್ಡದಾಗಿ ನಿಲ್ಲುತ್ತೆ, ಅಪಾರ್ಟ್‌ಮೆಂಟ್‌ಗಳು ಬೆಂಕಿಪೊಟ್ಟಣ ಆಗ್ತವೆ. ಲೆನ್ಸ್ ಮಾಡಿದ್ದು ಅಂತೀವಿ, ಆದ್ರೆ ಮಾಡಿದ್ದು ನೀವು ನಿಂತ ದೂರ. ಎರಡೂ ಫೋಟೋ ನಿಜಾನೇ, ಆದ್ರೆ ನೀವು ಯಾವುದು ಹೇಳ್ಬೇಕು ಅಂತಿದ್ರಿ ಅಂತ ಶಟರ್ ಒತ್ತೋ ಮೊದ್ಲು ಗೊತ್ತಿರ್ಬೇಕು.

ಇನ್ನು ಹಳೇದು ಯಾವುದು ಹೊಸದು ಯಾವುದು? ಅಂಬೇಡ್ಕರ್ ವೀಧಿಗೆ ಬನ್ನಿ. ಒಂದ್ಕಡೆ ಅಠಾರಾ ಕಚೇರಿ, ಅಂದ್ರೆ ಈಗಿನ ಹೈಕೋರ್ಟು, 1868ರದ್ದು, ಕೆಂಪು ಬಣ್ಣ, ಗ್ರೀಕ್ ಥರದ ಕಂಬಗಳು. ಎದುರುಗಡೆ ವಿಧಾನಸೌಧ, 1956ರಲ್ಲಿ ಮುಗಿದಿದ್ದು, ಬಿಳಿ ಕಲ್ಲು, ದೇವಸ್ಥಾನದ ಥರ ಕಂಬ, ಗೋಪುರ. ಊರಿಗೆ ಹೊಸಬರನ್ನ ನಿಲ್ಸಿ ಇದ್ರಲ್ಲಿ ಯಾವುದು ಹಳೇದು ಅಂತ ಕೇಳಿ, ಸುಮಾರು ಜನ ವಿಧಾನಸೌಧಕ್ಕೆ ಬೆರಳು ತೋರಿಸ್ತಾರೆ. ಅದನ್ನ ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರಿಗೆ ಬೇಕಾಗಿದ್ದೂ ಅದೇ ಅಲ್ವಾ, ಪರದೇಶದವರ ಕಟ್ಟಡದ ಎದುರು ನಮ್ಮದೇ ಅನ್ನೋ ಒಂದು ಕಟ್ಟಡ. ಪಕ್ಕದಲ್ಲಿ ವಿಕಾಸಸೌಧ, ಅದು 2005ರದ್ದು, ಅದೂ ಅದೇ ವೇಷ. ಇನ್ನು ಆ ಕೆಂಪು ಕಟ್ಟಡವನ್ನ 1980ರ ದಶಕದಲ್ಲಿ ಕೆಡವೋ ಮಾತಾಗಿತ್ತು, ಜನ ಎದ್ದು ನಿಂತು ಕೋರ್ಟಿಗೆ ಹೋಗಿದ್ದಕ್ಕೆ ಉಳೀತು. ಬೆಳಕು ನೋಡ್ಕೊಳ್ಳಿ, ವಿಧಾನಸೌಧದ ಮುಂಭಾಗ ಪೂರ್ವಕ್ಕೆ, ಅದಕ್ಕೆ ಬೆಳಿಗ್ಗೆ ಬಿಸಿಲು, ಎದುರಿನ ಕೋರ್ಟಿಗೆ ಸಂಜೆದು. ಒಂದೇ ಹೊತ್ತಲ್ಲಿ ಇಬ್ರಿಗೂ ನ್ಯಾಯ ಸಿಗಲ್ಲ, ಎರಡು ಸಲ ಹೋಗ್ಲೇಬೇಕು.

ಈಗ ಚಾಮರಾಜಪೇಟೆ ಅಜ್ಜಿ ವಿಷ್ಯ. ಕೆಲವರು ಕೇಳಿದೀರಿ, ಪರ್ವಾಗಿಲ್ಲ, ಇನ್ನೊಂದ್ಸಲ ಕೇಳಿ.

ಅಲ್ಲಿ ಒಂದು ಕ್ರಾಸ್‌ನಲ್ಲಿ ಒಂದು ಹಳೇ ಮನೆ ಇತ್ತು. ಮುಂದೆ ಜಗಲಿ, ಮರದ ಕಂಬ, ಮಂಗಳೂರು ಹೆಂಚು, ಕಿಟಕಿ ಮೇಲೆ ಮಂಕಿ ಟಾಪ್, ಅಂದ್ರೆ ಮರದ ಪಟ್ಟಿ ಹೊಡೆದ ಚೂಪು ಮಾಡು, ಒಂದೇ ಒಂದು ಪಟ್ಟಿ ಮುರಿದಿರ್ಲಿಲ್ಲ. ಹಿಂದೆ ಆರೇಳು ಅಂತಸ್ತಿನ ಗ್ಲಾಸ್ ಕಟ್ಟಡ. ನಾನು ಎದುರು ಫುಟ್‌ಪಾತ್‌ನಲ್ಲಿ ಸಂಜೆ ತನಕ ಕಾದೆ, ಗ್ಲಾಸಿಗೆ ಬಂಗಾರದ ಬಿಸಿಲು ಬಿತ್ತು, ಆ ಬೆಳಕಿಗೆ ಎಕ್ಸ್‌ಪೋಷರ್ ಇಟ್ಟು ತೆಗೆದೆ. ಮನೆ ಕಪ್ಪಗೆ ನೆರಳಿನ ಥರ, ಹಿಂದೆ ಟವರ್ ಧಗಧಗ. ನೋಡಿದವರೆಲ್ಲ ಸೂಪರ್ ಅಂದ್ರು. ಒಂದು ಪ್ರಿಂಟ್ ಹಾಕ್ಸಿ ಆ ಮನೆಗೇ ತಗೊಂಡ್ ಹೋದೆ. ಅಜ್ಜಿ ಕನ್ನಡಕ ಹಾಕ್ಕೊಂಡು, ಬಾಗಿಲ ಹತ್ರ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿ, "ಹಿಂದಿನ ಬಿಲ್ಡಿಂಗ್ ಚೆನ್ನಾಗ್ ಬಂದಿದೆ. ನಮ್ಮನೆ ಯಾಕಪ್ಪಾ ಇಷ್ಟು ಕಪ್ಪಗೆ?" ಅಂದ್ರು.

ಬೇಜಾರಲ್ಲಿ ಹೇಳಿದ್ದಲ್ಲ, ನಿಜವಾಗ್ಲೂ ಕೇಳಿದ್ದು. ನನ್ಹತ್ರ ಉತ್ತರ ಇರ್ಲಿಲ್ಲ. "ಬಾ ಕಾಫಿ ಕುಡಿ" ಅಂತ ಒಳಗೆ ಕರ್ಕೊಂಡ್ ಹೋದ್ರು. ಕೆಂಪು ಗಾರೆ ನೆಲ, ಕಾಲಿಗೆ ತಣ್ಣಗೆ. ಮದ್ರಾಸ್ ತಾರಸಿ, ತೊಲೆಗಳ ಸಾಲು. ಹಿತ್ತಲಲ್ಲಿ ಬಾವಿ. ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಮಕ್ಕಳ ಎತ್ತರ ಗುರುತು ಮಾಡಿದ ಗೀರುಗಳು, ಒಂದೊಂದಕ್ಕೂ ಹೆಸ್ರು. ಮುಂದಿನ ಭಾನುವಾರ ಟ್ರೈಪಾಡ್ ತರ್ತೀನಿ ಅಜ್ಜಿ, ಎಲ್ಲಾ ತೆಗೀತೀನಿ ಅಂದೆ. ಆ ಭಾನುವಾರ ಒಂದು ಮದುವೆ ಬಂತು, ಅದರ ಮುಂದಿನ ಭಾನುವಾರ ಮಳೆ. ಮೂರನೇ ಭಾನುವಾರ ಹೋದಾಗ ಹಸಿರು ನೆಟ್ ಕಟ್ಟಿದ್ರು, ಒಳಗೆ ಜೆಸಿಬಿ. ಅಜ್ಜಿ ಮಗಳ ಮನೆಗೆ ಹೋದ್ರಂತೆ. ಆ ಮನೆದು ನನ್ಹತ್ರ ಇರೋದು ಆ ಕಪ್ಪು ಫೋಟೋ ಒಂದೇ.

ಎಲ್ಲಿ ನಿಂತ್ಕೊಂಡು ತೆಗೆದ್ರಿ ಅಂತ ನಾನು ಕೇಳೋದು ಇದಕ್ಕೆ. ನಾನು ಬೀದಿಯ ಆಚೆ ಬದಿ ನಿಂತಿದ್ದೆ. ಹಿತ್ತಲಲ್ಲಿ ನಿಂತು ಕ್ಯಾಮೆರಾ ಆ ಗ್ಲಾಸ್ ಕಡೆ ತಿರುಗಿಸಿದ್ರೆ, ಅಜ್ಜಿಗೆ ದಿನಾ ಏನು ಕಾಣ್ತಿತ್ತೋ ಅದು ಬರೋದು.

ಐದು ನಿಮಿಷ ಅಂತ ಚೀಟಿ ಬಂತು. ಸರಿ, ಬೇಗ ಹೇಳ್ಬಿಡ್ತೀನಿ.

ಕ್ಯಾಮೆರಾ ಮೇಲಕ್ಕೆ ಎತ್ತಿದ್ರೆ ಗೋಡೆಗಳು ಒಳಗೆ ವಾಲ್ತವೆ. ಆ ವಾಲೋದನ್ನ ತಡೆಯೋ ಟಿಲ್ಟ್-ಶಿಫ್ಟ್ ಲೆನ್ಸ್ ದುಬಾರಿ, ಅದಿಲ್ದಿದ್ರೆ ಎದುರು ಮನೆಯವರನ್ನ ಕೇಳಿ ಮೊದಲ ಮಹಡಿಗೆ ಹತ್ತಿ, ಕ್ಯಾಮೆರಾ ನೇರ ಹಿಡೀರಿ. ಗ್ಲಾಸಿನಲ್ಲಿ ಹಳೇ ಕಟ್ಟಡದ ಬಿಂಬ ತೆಗೀವಾಗ ಫೋಕಸ್ ಬಿಂಬದ ಮೇಲೆ ಇರ್ಲಿ, ಗ್ಲಾಸ್ ಮೇಲಲ್ಲ, ಹೊಳಪು ಕಮ್ಮಿ ಮಾಡೋ ಪೋಲರೈಸರ್ ಫಿಲ್ಟರ್ ಹಾಕಿದ್ರೆ ಬಿಂಬಾನೇ ಹೋಗ್ಬಿಡುತ್ತೆ, ನೋಡ್ಕೊಂಡು ತಿರುಗ್ಸಿ. ಬೆಳಕಿನ ವ್ಯತ್ಯಾಸ ಜಾಸ್ತಿ ಇದ್ರೆ ಬೆಳಕು ಕಮ್ಮಿ, ಸರಿ, ಜಾಸ್ತಿ ಅಂತ ಮೂರು ಎಕ್ಸ್‌ಪೋಷರ್ ತಗೊಂಡು ಆಮೇಲೆ ಸೇರಿಸಿ, ಮನೆ ಕಪ್ಪಾಗ್ಬಾರ್ದು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ಬಗ್ಗೆ, ಅದೇ ನಮ್ಮ ಮಾಡರ್ನ್ ಆರ್ಟ್ ಗ್ಯಾಲರಿ, ಹಳೇ ಬಂಗ್ಲೆ ಪಕ್ಕಾನೇ ಹೊಸ ಕಟ್ಟಡ ಜಗಳ ಇಲ್ದೆ ಹೇಗೆ ಕೂತಿದೆ ಅಂತ ಎಂಟು ಸ್ಲೈಡ್ ಮಾಡ್ಕೊಂಡ್ ಬಂದಿದ್ದೆ, ಆಗಲ್ಲ ಇವತ್ತು, ನೀವೇ ಹೋಗಿ ನೋಡಿ.

ಫೈಲ್ ಹೆಸರಲ್ಲಿ ಬೀದಿ, ತಾರೀಖು ಬರೀರಿ, ದಯವಿಟ್ಟು. ಮತ್ತೆ ಭಾನುವಾರ ಬೆಳಿಗ್ಗೆ ಆರೂವರೆಗೆ ಚಾಮರಾಜಪೇಟೆಯಲ್ಲಿ ಸೇರ್ತಿದೀವಿ, ಟ್ರೈಪಾಡ್ ಇದ್ರೆ ತನ್ನಿ. ಅದೇ ಕ್ರಾಸ್‌ನಲ್ಲಿ ಇನ್ನೂ ಎರಡು ಮನೆ ಉಳಿದಿವೆ, ಒಂದು ಮನೆಯವರು ಒಳಗೆ ಬನ್ನಿ ಅಂದಿದಾರೆ.