ಮೊಲೊಟೊವ್ ಕೇಳಿದ ಪ್ರಶ್ನೆ

ಸ್ನೇಹಿತರೇ, ಎರಡನೇ ಮಹಾಯುದ್ಧದ ಹಿನ್ನೆಲೆ ನಿಮಗೆಲ್ಲ ಗೊತ್ತು. ನಾನು ನೇರವಾಗಿ 1942ರ ಮೇ ತಿಂಗಳಿಗೆ ಬರುತ್ತೇನೆ. ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್ ಬಾಂಬರ್ ವಿಮಾನ ಹತ್ತಿ ಗುಟ್ಟಾಗಿ ಸ್ಕಾಟ್ಲೆಂಡಿಗೆ ಬಂದಿಳಿದರು. ಅಲ್ಲಿಂದ ಲಂಡನ್, ಆಮೇಲೆ ವಾಷಿಂಗ್ಟನ್. ಜರ್ಮನ್ನರು ಅವರ ನೆಲಕ್ಕೆ ನುಗ್ಗಿದ್ದರು. ಮುಖ್ಯವಾಗಿ ಕೇಳಬೇಕಿದ್ದದ್ದು ಒಂದೇ: ಈ ವರ್ಷವೇ ಪಶ್ಚಿಮ ಯುರೋಪಿನಲ್ಲಿ ಸೈನ್ಯ ಇಳಿಸಿ ಕನಿಷ್ಠ 40 ಜರ್ಮನ್ ಡಿವಿಜನ್‌ಗಳನ್ನು, ಅಂದರೆ ದೊಡ್ಡ ಸೇನಾ ವಿಭಾಗಗಳನ್ನು, ನಮ್ಮ ಮೇಲಿಂದ ಸೆಳೆಯುತ್ತೀರಾ, ಇಲ್ವಾ?

ಬ್ರಿಟನ್ ಪ್ರಧಾನಿ ಚರ್ಚಿಲ್ ಮೊಲೊಟೊವ್‌ರನ್ನು ಪ್ರಧಾನಿಯ ಹಳ್ಳಿಮನೆಯಾದ ಚೆಕರ್ಸ್ ಬಂಗಲೆಯಲ್ಲಿ ಉಳಿಸಿದರು. ರಷ್ಯನ್ನರು ಬಂದವರೇ ಎಲ್ಲ ಕೋಣೆಗಳ ಕೀಲಿ ಕೇಳಿದರು. ಹಾಸಿಗೆ ಸರಿಮಾಡಲು ಹೋದ ಕೆಲಸದವರಿಗೆ ದಿಂಬಿನ ಕೆಳಗೆ ಪಿಸ್ತೂಲು! ಯಾರಾದರೂ ನುಗ್ಗಿದರೆ ಮಂತ್ರಿ ಥಟ್ಟನೆ ಹಾರಿ ಏಳುವ ಹಾಗೆ ಹೊದಿಕೆಯನ್ನೂ ಬೇರೆ ರೀತಿ ಹಾಸಿದ್ದರಂತೆ. ಶ್ವೇತಭವನದಲ್ಲೂ ಅದೇ ಕಥೆ. ಸೇವಕ ಸೂಟ್‌ಕೇಸ್ ಬಿಚ್ಚಿದರೆ ಕಪ್ಪು ಬ್ರೆಡ್ಡು, ಸಾಸೇಜು, ಜೊತೆಗೊಂದು ಪಿಸ್ತೂಲು. ಯಾರೂ ಏನೂ ಅನ್ನಲಿಲ್ಲ, ಪಾಪ.

ನೀವು ನಗುತ್ತಿದ್ದೀರಿ, ನಗುವಂಥದ್ದೇ. ಆದರೆ ಅದೇ ಹೊತ್ತಿಗೆ ಉಕ್ರೇನಿನ ಹಾರ್ಕಿವ್ ಬಳಿ ಅವರ ಸೈನ್ಯವನ್ನು ಜರ್ಮನ್ನರು ಸುತ್ತುವರಿದಿದ್ದರು. ಮನೆಗೆ ಬೆಂಕಿ ಬಿದ್ದವನು ಬಂದು ನೀರು ಕೊಡ್ತೀರಾ ಅಂತ ಕೇಳಿದರೆ ಹೌದು ಅನ್ನಿ, ಇಲ್ಲ ಅನ್ನಿ. ನೋಡೋಣ ಅನ್ನಬೇಡಿ. ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ.

ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಏನಂದರು? ಇಂಗ್ಲೆಂಡಿಗೆ ಸೈನ್ಯ ಸಾಗಿಸಲು ಹಡಗು ಬೇಕು, ಹಾಗಾಗಿ ನಿಮಗೆ ಕಳಿಸುವ ಸಾಮಾನನ್ನು 41 ಲಕ್ಷ ಟನ್‌ನಿಂದ 25 ಲಕ್ಷಕ್ಕೆ ಇಳಿಸೋಣ ಅಂದರು. ಆಗ ಮೊಲೊಟೊವ್ ಕೇಳಿದ ಪ್ರಶ್ನೆ ನೋಡಿ: ಸಾಮಾನೂ ಕಡಿಮೆ ಆಗಿ, ಎರಡನೇ ರಣರಂಗವೂ, ಅಂದರೆ ಪಶ್ಚಿಮದಲ್ಲಿ ಜರ್ಮನ್ನರ ಮೇಲೆ ಇನ್ನೊಂದು ಯುದ್ಧಭೂಮಿಯೂ, ತೆರೆಯದಿದ್ದರೆ? ಎಷ್ಟು ಸರಳ ಪ್ರಶ್ನೆ ಅಲ್ವಾ? ಇದಕ್ಕೆ ನೇರ ಉತ್ತರ ಸಿಗಲಿಲ್ಲ. ಜೂನ್‌ನಲ್ಲಿ ಹೊರಬಿದ್ದ ಪ್ರಕಟಣೆ ಮಾತ್ರ, 1942ರಲ್ಲೇ ಎರಡನೇ ರಣರಂಗ ತೆರೆಯುವ ತುರ್ತು ಕೆಲಸದ ಬಗ್ಗೆ ಪೂರ್ಣ ತಿಳುವಳಿಕೆಗೆ ಬಂದಿದ್ದೇವೆ ಅಂದಿತು. ಓದಿದ ಜನ ಏನು ಅಂದುಕೊಳ್ಳಬೇಕು? ಭರವಸೆ ಅಂತಲೇ ಅಲ್ವಾ? ಅತ್ತ ಚರ್ಚಿಲ್ ಮೊಲೊಟೊವ್ ಕೈಗೆ ಬೇರೊಂದು ಚೀಟಿ ಕೊಟ್ಟಿದ್ದರು. ನಾವು ಮಾತು ಕೊಡಲಾರೆವು ಅಂತ ಅದರಲ್ಲಿತ್ತು. ಊರಿಗೆಲ್ಲ ಒಂದು ಮಾತು, ಮಂತ್ರಿಯ ಕೈಗೆ ಇನ್ನೊಂದು. ಮಿತ್ರರು ಹೀಗೆ ಮಾಡಬಾರದು.

ನನಗೂ ಸಂಘಟಕರಿಂದ ಚೀಟಿ ಬಂದಿದೆ, ಇನ್ನು ಐದೇ ನಿಮಿಷ ಅಂತೆ. ಲಂಡನ್ನಿನಲ್ಲಿ ಬ್ರಿಟನ್ ಮತ್ತು ಸೋವಿಯತ್ ನಡುವೆ ಸಹಿಯಾದ 20 ವರ್ಷದ ಒಪ್ಪಂದ, ಗಡಿಯ ಜಗಳ, ಎಲ್ಲ ಬಿಡುತ್ತೇನೆ. ಮಿತ್ರರ ಸೈನ್ಯ ಕೊನೆಗೆ ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದದ್ದು 1944ರ ಜೂನ್ 6ಕ್ಕೆ, ಅದು ನಿಮಗೇ ಗೊತ್ತು.

ಇಷ್ಟು ಹೇಳಲೇಬೇಕು. 1942ರ ಆಗಸ್ಟ್‌ನಲ್ಲಿ ಚರ್ಚಿಲ್ ತಾವೇ ಮಾಸ್ಕೋಗೆ ಹೋದರು. ಎರಡನೇ ರಣರಂಗ ಈ ವರ್ಷ ಆಗಲ್ಲ ಅಂತ ಸೋವಿಯತ್ ನಾಯಕ ಸ್ಟಾಲಿನ್ ಎದುರು ಕೂತು ಹೇಳಿದರು. ಬೈಸಿಕೊಂಡರು. ಆದರೂ ಹೇಳಿದರು. ಆ ಎರಡು ಭೇಟಿಗಳಲ್ಲಿ ನನಗೆ ದೊಡ್ಡದು ಅನಿಸುವುದು ಇದೇ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.