ಹಳೆಯ ಪಿಕಪ್‌ಗೆ ಹೊಸ ಕಮಾನು ಪಟ್ಟಿ

ಕೇಳುಗರಿಗೆ ನಮಸ್ಕಾರ. ಪಿಕಪ್ ಗಾಡಿಯ ಹಿಂಭಾಗ ಕುಸಿದಿದೆ, ಹೊರೆ ಹೇರಿದರೆ ತಗ್ಗಿನಲ್ಲೆಲ್ಲ ದಡ್ ಎಂದು ಬಡಿಯುತ್ತದೆ ಎಂದಾಗ ಸಾಮಾನ್ಯವಾಗಿ ಸಿಗುವ ಸಲಹೆ, ಕಮಾನು ಪಟ್ಟಿಗೆ, ಅಂದರೆ ಹಿಂದಿನ ಆಕ್ಸಲ್ಲಿನ ಮೇಲೆ ಭಾರ ಹೊರುವ ಉಕ್ಕಿನ ಪ್ಲೇಟುಗಳ ಕಟ್ಟಿಗೆ, ಇನ್ನೊಂದು ಪ್ಲೇಟು ಸೇರಿಸಿ ಎಂಬುದು. ಸೇರಿಸುವ ಮೊದಲು ಗಾಡಿ ಯಾಕೆ ಕುಸಿದಿದೆ ಎಂದು ತಿಳಿಯಬೇಕು.

ಖಾಲಿ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿಯಿರಿ. ನೆಲದಿಂದ ಅಳೆಯಬೇಡಿ, ಟಯರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಎಡ, ಬಲ ಎರಡನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ದಿನವೂ ಹಾಕುವಷ್ಟೇ ಹೊರೆ ಹಾಕಿ ಮತ್ತೊಮ್ಮೆ ಅಳೆಯಿರಿ. ಖಾಲಿ ಇದ್ದಾಗಲೇ ಎತ್ತರ ಇಳಿದಿದ್ದರೆ, ಇಲ್ಲವೇ ಒಂದು ಬದಿ ವಾಲಿದ್ದರೆ, ಉಕ್ಕು ದಣಿದಿದೆ. ಅಂಥ ಕಟ್ಟಿಗೆ ಹೊಸ ಪ್ಲೇಟೊಂದನ್ನು ಸೇರಿಸಿದರೆ ಭಾರದಲ್ಲಿ ಹೆಚ್ಚಿನ ಪಾಲು ಅದರ ಮೇಲೇ ಬೀಳುತ್ತದೆ, ಅದೂ ಬೇಗ ಮುರಿಯುತ್ತದೆ. ಇಲ್ಲಿ ಎರಡೂ ಬದಿಗೆ ಪೂರ್ತಿ ಹೊಸ ಸೆಟ್ಟೇ ಬೇಕು. ಬಗ್ಗಿದ ಪ್ಲೇಟನ್ನು ಕಾಯಿಸಿ ಎತ್ತುವುದು, ಬಿರುಕಿಗೆ ವೆಲ್ಡಿಂಗ್ ಮಾಡುವುದು ಬೇಡವೇ ಬೇಡ. ಕಾದ ಜಾಗದಲ್ಲಿ ಉಕ್ಕಿನ ಹದ ಹೋಗಿಬಿಡುತ್ತದೆ.

ಖಾಲಿಯಲ್ಲಿ ಎತ್ತರ ಸರಿಯಿದ್ದು ಹೊರೆಗೆ ಮಾತ್ರ ಕೂರುತ್ತಿದ್ದರೆ ಆಗ ಬಲ ಹೆಚ್ಚಿಸುವ ಮಾತು. ಒಂದು ಲೆಕ್ಕ ನೆನಪಿಡಿ: ಪ್ಲೇಟಿನ ಬಿಗಿ, ಅಂದರೆ ಬಗ್ಗದೆ ನಿಲ್ಲುವ ಗುಣ, ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 7 ಮಿಲಿಮೀಟರ್ ಬದಲು 8 ಮಿಲಿಮೀಟರ್ ಹಾಕಿದರೆ ಆ ಪ್ಲೇಟು ಸುಮಾರು ಒಂದೂವರೆ ಪಟ್ಟು ಬಿಗಿ. ಒಂದೇ ದಪ್ಪದ 5 ಪ್ಲೇಟಿಗೆ ಅಂಥದೇ ಆರನೆಯದು ಸೇರಿದರೆ ಏರಿಕೆ ಸುಮಾರು ಶೇ. 20. ಹಾಗಾಗಿ ದಪ್ಪದ ವಿಷಯದಲ್ಲಿ ಆಸೆಪಡಬೇಡಿ. ಬಿಗಿ ಮಿತಿಮೀರಿದರೆ ಖಾಲಿ ಗಾಡಿಯ ಹಿಂದಿನ ಚಕ್ರ ಕೆಟ್ಟ ರಸ್ತೆಯಲ್ಲಿ ಕುಣಿಯುತ್ತದೆ, ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಕೆಲವೊಮ್ಮೆ ಮಾತ್ರ ಭಾರ ಹೊರುವ ಗಾಡಿಗೆ ಹೆಲ್ಪರ್ ಪ್ಲೇಟು ಒಳ್ಳೆಯದು. ಅದು ಹೊರೆ ಬಿದ್ದಾಗಷ್ಟೇ ತಾಗಿ ಕೆಲಸಕ್ಕೆ ಬರುತ್ತದೆ. ಒಂದಂತೂ ಖಚಿತ: ಕಮಾನು ಗಟ್ಟಿಯಾದ ಮಾತ್ರಕ್ಕೆ ಆಕ್ಸಲ್, ಬೇರಿಂಗ್, ಟಯರ್, ಬ್ರೇಕ್ ಗಟ್ಟಿಯಾಗುವುದಿಲ್ಲ. ತಯಾರಕರು ಹೇಳಿದ ಒಟ್ಟು ತೂಕದ ಮಿತಿ ಮೊದಲಿನಷ್ಟೇ.

ಈಗ ಕೆಲಸಕ್ಕೆ ಬರೋಣ. ಹಿಂದಿನ ರಾತ್ರಿಯೇ ತುಕ್ಕು ಹಿಡಿದ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಚಾಸಿಯನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಬರೀ ಜಾಕನ್ನು ನಂಬಿ ಗಾಡಿಯಡಿ ಹೋಗಬೇಡಿ. ಆಕ್ಸಲ್ಲಿಗೆ ಬೇರೊಂದು ಜಾಕ್ ಕೊಡಿ. ಒಂದು ಬದಿ ಮುಗಿಸಿಯೇ ಇನ್ನೊಂದನ್ನು ಬಿಚ್ಚಿ, ಆಗ ಆಕ್ಸಲ್ ಜಾಗ ಬಿಟ್ಟು ಜಾರುವುದಿಲ್ಲ. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿ ಆಕ್ಸಲ್ ಇಳಿಸುವಾಗ ಬ್ರೇಕ್ ಹೋಸ್ ಎಳೆದುಕೊಳ್ಳದಂತೆ ನೋಡಿಕೊಳ್ಳಿ. ಶ್ಯಾಕಲ್ ಅಂದರೆ ಕಮಾನಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ತೂಗುಕೊಂಡಿ. ಅದರ ಬೋಲ್ಟು ಬುಷ್ಷಿನ, ಅಂದರೆ ಕಮಾನಿನ ತುದಿಯ ತೂತಿನಲ್ಲಿ ಕೂರುವ ರಬ್ಬರು ತುಂಡಿನ, ಒಳಗೊಳವೆಗೆ ಕಚ್ಚಿಕೊಂಡಿರುವುದು ಮಾಮೂಲು. ಕತ್ತರಿಸಬೇಕಾಗಬಹುದು, ಹೊಸ ಬೋಲ್ಟು, ಬುಷ್ಷು ಮೊದಲೇ ತಂದಿಟ್ಟುಕೊಳ್ಳಿ.

ಕಟ್ಟನ್ನು ಬಿಚ್ಚಿ ಪ್ಲೇಟು ಸೇರಿಸುವುದಾದರೆ, ಪ್ಲೇಟುಗಳನ್ನೆಲ್ಲ ಪೋಣಿಸಿ ಹಿಡಿದಿರುವ ಸೆಂಟರ್ ಬೋಲ್ಟಿನ ಎರಡೂ ಬದಿಗೆ ಗಟ್ಟಿ ಸಿ ಕ್ಲಾಂಪ್ ಬಿಗಿದ ಮೇಲೆಯೇ ಆ ಬೋಲ್ಟನ್ನು ತೆಗೆಯಿರಿ. ಇಲ್ಲದಿದ್ದರೆ ಪ್ಲೇಟುಗಳು ಸಿಡಿದು ಕೈ ಮುರಿಯಬಹುದು. ಹೊಸ ಪ್ಲೇಟು ಉದ್ದದ ಕ್ರಮದಲ್ಲಿ ತನ್ನ ಜಾಗಕ್ಕೇ ಹೋಗಬೇಕು, ಸೆಂಟರ್ ಬೋಲ್ಟು ಉದ್ದದ್ದಾಗಬೇಕು. ಹಲವು ಗಾಡಿಗಳಲ್ಲಿ ಆ ಬೋಲ್ಟು ಪ್ಲೇಟಿನ ಸರಿಮಧ್ಯದಲ್ಲಿರುವುದಿಲ್ಲ. ಬಿಚ್ಚುವ ಮುನ್ನ ಮುಂದಿನ ತುದಿಗೆ ಗುರುತು ಹಾಕಿ, ತಿರುಗುಮುರುಗಾದರೆ ಚಕ್ರವೇ ಹಿಂದೆ ಮುಂದೆ ಸರಿಯುತ್ತದೆ. ಬೋಲ್ಟಿನ ತಲೆ ಆಕ್ಸಲ್ ಪೀಠದ ತೂತಿನಲ್ಲಿ ಪೂರ್ತಿ ಕೂತಿದೆಯೇ ಎಂದು ಬೆಳಕು ಹಿಡಿದು ನೋಡಿ.

ಕಮಾನನ್ನು ಆಕ್ಸಲ್ಲಿಗೆ ಬಿಗಿದು ಹಿಡಿಯುವ ಹಳೆಯ ಯು ಬೋಲ್ಟುಗಳನ್ನು ಮತ್ತೆ ಬಳಸಬೇಡಿ. ಒಮ್ಮೆ ಬಿಗಿದಾಗ ಅವು ಹಿಗ್ಗಿರುತ್ತವೆ, ತಿರುಪಿನ ಎಳೆಗಳೂ ಸವೆದಿರುತ್ತವೆ. ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿದು, ಕೊನೆಗೆ ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕಿಗೆ ತನ್ನಿ. 100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಮತ್ತೆ ಬಿಗಿಯಲೇಬೇಕು. ಪ್ಲೇಟುಗಳ ನಡುವಿನ ಬಣ್ಣ, ತುಕ್ಕು ಅರೆದು ಕಟ್ಟು ತೆಳುವಾಗುತ್ತದೆ, ನಟ್ಟು ತಾನಾಗಿ ಸಡಿಲಾಗುತ್ತದೆ. ಆಗ ಪ್ಲೇಟುಗಳು ನಡುವಿನಲ್ಲಿ ಅಲುಗಿ ಸೆಂಟರ್ ಬೋಲ್ಟ್ ತುಂಡಾಗುತ್ತದೆ. ಪ್ಲೇಟು ಆ ತೂತಿನಲ್ಲೇ ಮುರಿದಿದ್ದರೆ ಮೊದಲು ಅನುಮಾನಿಸಬೇಕಾದ್ದು ಯು ಬೋಲ್ಟನ್ನೇ.

ಬುಷ್ಷಿನ ಬೋಲ್ಟುಗಳನ್ನು ಮಾತ್ರ ಗಾಡಿ ಚಕ್ರದ ಮೇಲೆ ನಿಂತ ಮೇಲೆ ಬಿಗಿಯಿರಿ. ಚಕ್ರ ಗಾಳಿಯಲ್ಲಿ ತೂಗಾಡುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಗಾಡಿ ನೆಲಕ್ಕಿಳಿದ ಮೇಲೆ ಶ್ಯಾಕಲ್ ನೋಡಿ. ಹೊರೆ ಬಿದ್ದಾಗ ಪ್ಲೇಟು ಉದ್ದವಾಗುತ್ತದೆ, ಶ್ಯಾಕಲ್ ಅದಕ್ಕೆ ದಾರಿ ಕೊಡಬೇಕು. ಅದು ತಪ್ಪು ದಿಕ್ಕಿಗೆ ವಾಲಿದ್ದರೆ ಅಥವಾ ಚಾಸಿಗೆ ತಾಗಿದ್ದರೆ ಕಮಾನಿನ ಎತ್ತರ ಹೆಚ್ಚಾಗಿದೆ. ಸವೆದ ಶಾಕ್ ಅಬ್ಸಾರ್ಬರ್ ಹೊಸ ಕಮಾನಿನ ನೆಗೆತ ತಡೆಯಲಾರದು. ಎಂಜಿನ್ನಿನ ಬಲವನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಹೊಸದಾಗಿ ನಡುಕ ಬಂದರೆ ಆಕ್ಸಲಿನ ಕೋನ ಬದಲಾಗಿದೆ, ಪೀಠದಡಿ ತಕ್ಕ ಬೆಣೆ ಬೇಕಾಗಬಹುದು. ಹಿಂಭಾಗ ಏರಿದ್ದರಿಂದ ಹೆಡ್‌ಲೈಟಿನ ಕೋನವನ್ನೂ ಸರಿಪಡಿಸಿ.

ಹಲವರು ಮರೆಯುವುದು ಆಕ್ಸಲ್ಲಿಗೆ ಸರಳಿನಿಂದ ಕಟ್ಟಿರುವ, ಹೊರೆ ಅರಿತು ಬ್ರೇಕ್ ಹಂಚುವ ವಾಲ್ವನ್ನು. ಹಿಂಭಾಗ ಏರಿದರೆ ಅದು ಗಾಡಿ ಖಾಲಿ ಎಂದೇ ತಿಳಿಯುತ್ತದೆ. ಹೊರೆ ತುಂಬಿದ್ದರೂ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತದೆ, ನಿಲ್ಲುವ ದೂರ ಬೆಳೆಯುತ್ತದೆ. ನಿಮ್ಮ ಗಾಡಿಗೆ ಈ ವಾಲ್ವ್ ಇದ್ದರೆ ಕೈಪಿಡಿಯ ಅಳತೆಗೆ ಅದರ ಸರಳನ್ನು ಹೊಂದಿಸಿದ ಮೇಲೆಯೇ ಹೊರೆ ಹೇರಿ.