ಬಳೆಪೇಟೆಯಲ್ಲಿ ಬಳೆ ಎಲ್ಲಿ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೇಟೆ, ರಸ್ತೆಗಳ ಹೆಸರಿನ ಬಗ್ಗೆ ಮಾತಾಡುವ ಮೊದಲು ನಾನು ಪೇಚಿಗೆ ಸಿಕ್ಕಿದ ಒಂದು ಪ್ರಸಂಗ ಹೇಳಿಬಿಡುತ್ತೇನೆ. ಊರಿಂದ ಬಂದಿದ್ದ ನಮ್ಮ ಸೋದರತ್ತೆ ಗಾಜಿನ ಬಳೆ ಬೇಕು ಅಂದರು. ಬೆಂಗಳೂರನ್ನು ಅರೆದು ಕುಡಿದವನ ಹಾಗೆ ನೇರ ಬಳೆಪೇಟೆಗೆ ಕರೆದುಕೊಂಡು ಹೋದೆ. ನಾವು ಹತ್ತಿದ ಅಂಗಡಿಯಲ್ಲಿ ವೀಣೆ, ತಂಬೂರಿ ಸಾಲಾಗಿ ನಿಂತಿದ್ದವು. ಒಬ್ಬರು ನೆಲದ ಮೇಲೆ ಕೂತು, ಪುಟ್ಟ ಸುತ್ತಿಗೆಯಿಂದ ತಬಲಾದ ಅಂಚು ತಟ್ಟುತ್ತ ಶ್ರುತಿ ಸೇರಿಸುತ್ತಿದ್ದರು. ಅತ್ತೆ ನನ್ನ ಮುಖ ನೋಡಿ, "ಇದನ್ನ ಕೈಗೆ ಹಾಕ್ಕೊಳ್ಳೋದು ಹೇಗೋ?" ಅಂದರು.

ಕೆಂಪೇಗೌಡರ ಪೇಟೆಯ ಹೆಸರುಗಳೆಲ್ಲ ಹೀಗೇ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ ಮಾರುವ ಸರಕನ್ನು ಹೇಳಿದರೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ ಅಲ್ಲಿದ್ದ ಜನರನ್ನು ಹೇಳುತ್ತವೆ. ಯಾರೂ ಸಭೆ ಸೇರಿ ನಾಮಕರಣ ಮಾಡಿದ್ದಲ್ಲ. ಹತ್ತಿ ಬೇಕಾದವನು ಅರಳೆ ಮಾರುವ ಕಡೆಗೆ ದಾರಿ ಕೇಳಿದ, ಅದೇ ಹೆಸರಾಯಿತು. ಕಸುಬು ಬೇರೆಡೆಗೆ ಹೋದರೂ ಹೆಸರು ಜಾಗ ಬಿಡಲಿಲ್ಲ.

1809ರಲ್ಲಿ ಬ್ರಿಟಿಷರ ದಂಡು ಬಂತು. ಸಿಪಾಯಿಗಳಿಗೂ ದಾರಿ ಗೊತ್ತಾಗಬೇಕಲ್ಲ! ಇನ್‌ಫೆಂಟ್ರಿ ರಸ್ತೆ, ಕ್ಯಾವಲ್ರಿ ರಸ್ತೆ, ಬ್ರಿಗೇಡ್ ರಸ್ತೆ ಹುಟ್ಟಿದವು. ಕವಾಯತು ಮೈದಾನದ ದಕ್ಷಿಣಕ್ಕಿದ್ದದ್ದು ಸೌತ್ ಪರೇಡ್. 1948ರಲ್ಲಿ ಅದಕ್ಕೆ ಮಹಾತ್ಮ ಗಾಂಧಿ ರಸ್ತೆ ಎಂದು ಹೆಸರಿಟ್ಟರು. ನಾವು ಎಂಜಿ ರೋಡ್ ಮಾಡಿದೆವು.

ದೊಡ್ಡವರ ಹೆಸರಿಗೆ ನಮ್ಮೂರಲ್ಲಿ ಆಗುವ ಗತಿ ಇದು. ಸಾದರ ಪತ್ರಪ್ಪ ರಸ್ತೆ ಎಸ್‌ಪಿ ರೋಡ್ ಆಗಿದೆ. ಕಂಪ್ಯೂಟರ್ ಬಿಡಿಭಾಗ ಕೊಳ್ಳಲು ಹೋಗುವ ಹುಡುಗರಲ್ಲಿ ಕೆಲವರು ಅದನ್ನು ಪೊಲೀಸ್ ಎಸ್‌ಪಿ ಅಂದುಕೊಂಡಿದ್ದಾರೆ. ಎಸ್‌ಜೆಪಿ ರೋಡಿನಲ್ಲಿ ಇರುವುದು ಯಾವ ಮಹನೀಯರೂ ಅಲ್ಲ, ಸಿಲ್ವರ್ ಜ್ಯೂಬಿಲಿ ಪಾರ್ಕ್. ಓಟಿಸಿ ಎಂದರೆ ಓಲ್ಡ್ ತಾಲೂಕು ಕಚೇರಿ. ಅರಳೆ, ಅಕ್ಕಿ, ಬಳೆಯನ್ನು ಹೀಗೆ ಮೊಟಕು ಮಾಡಲು ಯಾರ ಕೈಲೂ ಆಗಲಿಲ್ಲ ನೋಡಿ. ಅವು ಮೊದಲೇ ನಾಲಿಗೆಯ ಅಳತೆಗೆ ಹೊಲಿದ ಹೆಸರುಗಳು.

1898ರ ಪ್ಲೇಗಿನ ಹೊತ್ತಿಗೆ ಬೆಳೆದ ಮಲ್ಲೇಶ್ವರದಲ್ಲಿ ನನಗೆ ಇಷ್ಟವಾದ ಜೋಡಿಯೊಂದಿದೆ: ಸಂಪಿಗೆ ರಸ್ತೆ, ಅದರ ಪಕ್ಕಕ್ಕೇ ಮಾರ್ಗೋಸಾ ರಸ್ತೆ. ಮಾರ್ಗೋಸಾ ಅಂದರೆ ನಮ್ಮ ಬೇವು! ಸಂಪಿಗೆ ಕನ್ನಡದಲ್ಲೇ ಉಳಿಯಿತು, ನೆರೆಮನೆಯ ಬೇವು ಇಂಗ್ಲಿಷ್ ಕಲಿಯಿತು.

ಈಗಿನ ಬಡಾವಣೆಗಳಲ್ಲಿ ಬರೀ ಮೇನು, ಕ್ರಾಸು, ನಂಬರು. ಆದರೂ ಜನ ಸುಮ್ಮನಿರುವುದಿಲ್ಲ. ಕೊರಿಯರ್ ಹುಡುಗ ಫೋನ್ ಮಾಡಿದರೆ ನಾನು ಹೇಳುವುದು, "ಹಾಲಿನ ಬೂತ್ ರೋಡಪ್ಪಾ." ಅವನು ಸರಿಯಾಗಿ ಬರುತ್ತಾನೆ. ಆ ರಸ್ತೆಗೆ ಒಬ್ಬ ಹಿರಿಯರ ಹೆಸರಿದೆ, ಮೂಲೆಯಲ್ಲಿ ಹಸಿರು ಫಲಕವೂ ಇದೆ. ಹದಿನಾರು ವರ್ಷದಿಂದ ಅದರ ಕೆಳಗೇ ಸ್ಕೂಟರ್ ನಿಲ್ಲಿಸುತ್ತಿದ್ದೇನೆ. ತಲೆಯೆತ್ತಿ ಓದಿದ್ದು ಮೊನ್ನೆ, ಈ ಉಪನ್ಯಾಸಕ್ಕೆ ಒಪ್ಪಿಕೊಂಡ ಮೇಲೆ.